ಎಳೆಯ ಕೆಂಪುಕಣಗಳೂ ಬಿಳಿಕಣಗಳ ಲೆಕ್ಕವೂ

ಡಫಿ ಎಂಬುದು ಕೆಂಪು ರಕ್ತಕಣದ ಹೊರಪೊರೆಯಲ್ಲಿರುವ ಒಂದು ಪ್ರೋಟೀನು. 1950ರಲ್ಲಿ ಅದು ಬೆಳಕಿಗೆ ಬಂದದ್ದು ರಕ್ತದ ಗುಂಪಾಗಿ. ಪದೇ ಪದೇ ರಕ್ತ ಪಡೆದಿದ್ದ ಹೀಮೋಫಿಲಿಯಾ ರೋಗಿಯೊಬ್ಬನ ಹೆಸರೇ ಅದಕ್ಕೆ ಅಂಟಿಕೊಂಡಿತು. ರಕ್ತನಿಧಿಗಳಿಗೆ ಬಹುಕಾಲ ಅದು ಹೊಂದಾಣಿಕೆ ಪರೀಕ್ಷೆಯ ಒಂದು ತೊಡಕು, ಅಷ್ಟೇ. 1990ರ ದಶಕದ ಆರಂಭದಲ್ಲಿ ಅದರ ಇನ್ನೊಂದು ಕೆಲಸ ಗೊತ್ತಾಯಿತು. ಉರಿಯೂತವಾದಾಗ ಬಿಳಿಕಣಗಳನ್ನು ಕರೆಯುವ ಕೀಮೊಕೈನ್‌ಗಳನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಮಾಮೂಲಿ ಗ್ರಾಹಕಗಳಂತೆ ಆ ಸುದ್ದಿಯನ್ನು ಕೋಶದೊಳಗೆ ದಾಟಿಸುವುದಿಲ್ಲ.

ಈ ಗ್ರಾಹಕ ದಟ್ಟವಾಗಿರುವುದು ರಕ್ತದಲ್ಲಿ ತಿರುಗುವ ಬಲಿತ ಕಣಗಳಲ್ಲಲ್ಲ, ಮಜ್ಜೆಯಲ್ಲಿ ಇನ್ನೂ ಕೋಶಕೇಂದ್ರ ಕಳಚದ ಎರಿತ್ರೊಬ್ಲಾಸ್ಟ್‌ಗಳಲ್ಲಿ. ಇವು ರಕ್ತದ ಮೂಲಕೋಶಗಳಿಗೆ ತಾಗಿಕೊಂಡೇ ಇರುತ್ತವೆ. 2017ರಲ್ಲಿ ಪ್ರಕಟವಾದ ಇಲಿಗಳ ಅಧ್ಯಯನ ತೋರಿಸಿದಂತೆ, ಎಳೆಯ ಕೆಂಪುಕಣಗಳಲ್ಲಿ ಡಫಿ ಇಲ್ಲವಾದರೆ ಮೂಲಕೋಶಗಳ ನಡೆಯೇ ಬದಲಾಗುತ್ತದೆ. ಆಗ ಹುಟ್ಟುವ ನ್ಯೂಟ್ರೊಫಿಲ್ ಎಂಬ ಬಿಳಿಕಣಗಳ ಸ್ವಭಾವ ಬೇರೆ. ಅವು ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲದೆ ಅಂಗಾಂಶಗಳಿಗೆ ಇಳಿದುಬಿಡುತ್ತವೆ. ಆಮ್ಲಜನಕ ಹೊರುವುದೊಂದೇ ಕೆಂಪುಕಣದ ಕಸುಬು ಎಂಬ ಹಳೆಯ ಪಾಠಕ್ಕೆ ಇದು ದೊಡ್ಡ ತಿದ್ದುಪಡಿ.

ಮನುಷ್ಯರಲ್ಲಿ ಈ ಕೊರತೆ ಅಪರೂಪವೇನಲ್ಲ. ಪಶ್ಚಿಮ ಆಫ್ರಿಕಾದ ಬಹುತೇಕ ಎಲ್ಲರ ಕೆಂಪುಕಣಗಳಲ್ಲೂ ಡಫಿ ಇಲ್ಲ. ಜೀನ್‌ನ ಮುಂಭಾಗದ ಒಂದೇ ಅಕ್ಷರ ಬದಲಾಗಿ, ಗಾಟಾ-1 ಎಂಬ ಪ್ರೋಟೀನು ಅಲ್ಲಿ ಕೂರಲಾರದೆ ಕೆಂಪುಕಣದಲ್ಲಿ ಮಾತ್ರ ಜೀನ್ ಮೌನವಾಗುತ್ತದೆ. ರಕ್ತನಾಳದ ಒಳಪದರದಲ್ಲಿ ಎಂದಿನಂತೆ ಕೆಲಸ ಮಾಡುತ್ತದೆ. ವೈವ್ಯಾಕ್ಸ್ ಮಲೇರಿಯಾ ಪರಾವಲಂಬಿಗೆ ಕಣದೊಳಗೆ ನುಗ್ಗಲು ಡಫಿಯೇ ಮುಖ್ಯ ಬಾಗಿಲಾದ್ದರಿಂದ ಇಂಥವರಿಗೆ ಆ ಜ್ವರದಿಂದ ಬಹುಮಟ್ಟಿನ ರಕ್ಷಣೆಯಿದೆ. ಪೂರ್ಣ ರಕ್ಷಣೆಯಲ್ಲ: ಮಡಗಾಸ್ಕರ್‌ನಲ್ಲಿ ಡಫಿ ಇಲ್ಲದವರಿಗೂ ವೈವ್ಯಾಕ್ಸ್ ತಗುಲಿದೆ.

ಆಸ್ಪತ್ರೆಗಳಿಗೆ ಅನುಭವ ಪಾಠ ಕಲಿಸಿದ್ದು ಈ ಬಿಳಿಕಣಗಳ ಲೆಕ್ಕದ ವಿಷಯದಲ್ಲಿ. ಮೈಕ್ರೊಲೀಟರಿಗೆ 1500ಕ್ಕಿಂತ ಕಡಿಮೆ ನ್ಯೂಟ್ರೊಫಿಲ್ ಕಂಡರೆ ರೋಗವೆಂದು ಶಂಕಿಸುವುದು ರೂಢಿ. ಡಫಿ ಇಲ್ಲದ ಅನೇಕರಲ್ಲಿ ಸೋಂಕಿನ ಅಪಾಯ ಹೆಚ್ಚಿಲ್ಲದೆಯೇ ಎಣಿಕೆ ಅದಕ್ಕಿಂತ ಕೆಳಗಿರುತ್ತದೆ. ಆರೋಗ್ಯವಂತರಿಗೆ ಮಜ್ಜೆಯ ಪರೀಕ್ಷೆಯಾಗುವುದು, ಬೇಕಾದ ಔಷಧ ನಿಲ್ಲುವುದು ಹೀಗೆಯೇ. ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೋಜಪಿನ್ ವಿಷಯದಲ್ಲಿ ಅಮೆರಿಕ ಇಂಥವರಿಗಾಗಿ ಪ್ರತ್ಯೇಕ, ಕೆಳಗಿನ ನ್ಯೂಟ್ರೊಫಿಲ್ ಮಿತಿ ಒಪ್ಪಿದ್ದು 2015ರಲ್ಲಿ, ತಡವಾಗಿಯೇ ಎನ್ನಬೇಕು.

ಭಾರತೀಯರಲ್ಲಿ ಹೆಚ್ಚಿನವರಿಗೆ ಡಫಿ ಇದೆ. ಮಂಗಳೂರಿನಲ್ಲಿ ವೈವ್ಯಾಕ್ಸ್ ದಶಕಗಳ ಕಾಲ ಬೇರೂರಲು ಅದೂ ಅನುಕೂಲವಾಯಿತು. ಹೆಚ್ಚಿನವರಿಗೆ ಡಫಿ ಇರುವುದರಿಂದಲೇ ಭಾರತದಲ್ಲಿ ನ್ಯೂಟ್ರೊಫಿಲ್ ಕಡಿಮೆಯಾದರೆ ಡೆಂಗಿ, ಟೈಫಾಯ್ಡ್, ಬಿ12 ಕೊರತೆ, ಔಷಧದ ಅಡ್ಡಪರಿಣಾಮ ಇವುಗಳನ್ನೇ ಮೊದಲು ಹುಡುಕಬೇಕಾಗುತ್ತದೆ.