ನಾಲ್ಕು ತಾಲ್ಲೂಕಿನ ನೀರು, ಒಂದು ಕೊಳದ ಲೆಕ್ಕ

ತೋಟದ ಮನೆಯಲ್ಲಿ ಈಜುಕೊಳ ಕಟ್ಟಿಸಬೇಕೆಂದಿದ್ದೇನೆ, ಎಷ್ಟಾಗಬಹುದು ಎಂದು ಕೇಳುವವರು ಈಚೆಗೆ ಹೆಚ್ಚಿದ್ದಾರೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾದ ಮೇಲೆ, ಶನಿವಾರ ಬೆಳಗ್ಗೆ ಬೇಗ ಬೆಂಗಳೂರು ಬಿಟ್ಟವರು ತಿಂಡಿ ಹೊತ್ತಿಗೆಲ್ಲ ಶ್ರೀರಂಗಪಟ್ಟಣದಲ್ಲಿರುತ್ತಾರೆ. ಕೊಳ ಇದೆಯೇ ಎಂಬುದು ಮಕ್ಕಳಿರುವ ಸಂಸಾರಗಳ ಮೊದಲ ಪ್ರಶ್ನೆ. ಇಲ್ಲ ಎಂದರೆ ಹೋಂಸ್ಟೇಯವರ ಫೋನ್ ಅಲ್ಲಿಗೇ ಕಟ್. ಹಾಗಾಗಿ ಕಟ್ಟುವ ಆಸೆ ಸಹಜ. ಆದರೆ ಕೇಳುವವರೆಲ್ಲ ಕೇಳುವುದು ಕಟ್ಟುವ ಖರ್ಚನ್ನು ಮಾತ್ರ. ತಿಂಗಳಿಗೆ ಎಷ್ಟು ಬೀಳುತ್ತದೆ ಎಂದು ವಿಚಾರಿಸಿದವರು ಅಪರೂಪ.

ಪಾಂಡವಪುರದ ಹತ್ತಿರ ನಮ್ಮ ತೋಟದ ಮನೆಯಲ್ಲೊಂದು ಕೊಳವಿದೆ: 25 ಅಡಿ ಉದ್ದ, 14 ಅಡಿ ಅಗಲ, ಸರಾಸರಿ 4 ಅಡಿ ಆಳ. ಅಂದರೆ 1,400 ಘನ ಅಡಿ, ಸುಮಾರು 40 ಸಾವಿರ ಲೀಟರ್ ನೀರು. ನಾಗಮಂಗಲದ ಕಡೆ ದೊಡ್ಡಪ್ಪನ ಮಗ, ಕೆ.ಆರ್. ಪೇಟೆಯಲ್ಲಿ ತಂಗಿಯ ಮನೆಯವರು, ಶ್ರೀರಂಗಪಟ್ಟಣದಲ್ಲಿ ಹೋಂಸ್ಟೇ ನಡೆಸುವ ಗೆಳೆಯ, ಇವರೆಲ್ಲರ ಕೊಳವೂ ಹೆಚ್ಚುಕಡಿಮೆ ಇದೇ ಅಳತೆಯದು. ನಾಲ್ಕು ಮನೆಯ ಲೆಕ್ಕದ ಪುಸ್ತಕ ಎದುರಿಟ್ಟು ನೋಡಿದರೆ ತಿಂಗಳ ಖರ್ಚು ಒಂದೊಂದು ಕಡೆ ಒಂದೊಂದು ಥರ. ವ್ಯತ್ಯಾಸ ಶುರುವಾಗುವುದು ಬೋರ್‌ವೆಲ್ ಬಾಯಲ್ಲೇ.

ದುಡ್ಡು ಸೋರುವ ಜಾಗ

ಪಾಚಿ ಬರುವುದಕ್ಕೆ ಮೂರೇ ಮೂರು ಬೇಕು: ಬಿಸಿಲು, ಗೊಬ್ಬರದ ಅಂಶ, ಕ್ಲೋರಿನ್ ಕೈಕೊಟ್ಟ ಒಂದು ರಾತ್ರಿ. ಮೊದಲ ಎರಡನ್ನು ಮಂಡ್ಯ ಜಿಲ್ಲೆಯಲ್ಲಿ ತಪ್ಪಿಸಲಾಗದು. ಕೈಯಲ್ಲಿರುವುದು ಮೂರನೆಯದು ಮಾತ್ರ.

ಕ್ಲೋರಿನ್ ಹಾಕಿದರೆ ಸಾಲದು, ಅದು ಕೆಲಸ ಮಾಡಬೇಕು. ಮಾಡುತ್ತದೋ ಇಲ್ಲವೋ ಎಂಬುದನ್ನು ಹೇಳುವುದು ಪಿಎಚ್. ನೀರಿನ ಪಿಎಚ್ 7.2 ಇದ್ದಾಗ ಹಾಕಿದ ಕ್ಲೋರಿನ್‌ನ ಮೂರರಲ್ಲಿ ಎರಡು ಪಾಲು ಪಾಚಿ ಕೊಲ್ಲುವ ರೂಪದಲ್ಲಿರುತ್ತದೆ. 7.5ಕ್ಕೆ ಏರಿದರೆ ಅರ್ಧ. 8 ತಲುಪಿದರೆ ಕಾಲು ಭಾಗವೂ ಇಲ್ಲ. ಅಂದರೆ ನೂರು ರೂಪಾಯಿಯ ಕ್ಲೋರಿನ್ ಸುರಿದು ಇಪ್ಪತ್ತೈದು ರೂಪಾಯಿಯ ಕೆಲಸ ತೆಗೆಸಿಕೊಂಡ ಹಾಗೆ. ಪಾಚಿ ಹೋಗಲಿಲ್ಲವೆಂದು ಅಂಗಡಿಗೆ ಓಡಿ ಇನ್ನೊಂದು ಡಬ್ಬ ಕ್ಲೋರಿನ್ ತರುವವರಿಗೆ ನಾನು ಹೇಳುವುದು ಒಂದೇ: ಮೊದಲು ಪಿಎಚ್ ನೋಡಿ, ಏರಿದ್ದರೆ ಆಸಿಡ್ ಕ್ಯಾನ್ ತನ್ನಿ. ಕೊಳದ ಸಾಮಾನಿನಲ್ಲಿ ಅದಕ್ಕಿಂತ ಅಗ್ಗದ್ದು ಮತ್ತೊಂದಿಲ್ಲ.

ನಾಗಮಂಗಲದ ಲೆಕ್ಕ ಅರ್ಥವಾಗುವುದು ಇಲ್ಲಿ. ಅಲ್ಲಿನ ಬೋರ್ ನೀರಿನಲ್ಲಿ ಸೋಪು ನೊರೆ ಕಟ್ಟುವುದಿಲ್ಲ, ಹಂಡೆಯ ಒಳಗೆ ಬಿಳಿ ಪದರ. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 10500 ಮಾನದಂಡ ಗಡಸುತನವನ್ನೂ ಕ್ಷಾರೀಯತೆಯನ್ನೂ ಲೀಟರಿಗೆ 200 ಮಿಲಿಗ್ರಾಂವರೆಗೆ ಸರಿ ಎನ್ನುತ್ತದೆ, ಬೇರೆ ನೀರಿನ ಮೂಲವಿಲ್ಲದಿದ್ದರೆ 600ರವರೆಗೂ ಒಪ್ಪುತ್ತದೆ. ಕೊಳದ ಕ್ಷಾರೀಯತೆ ಮಾತ್ರ 80ರಿಂದ 120ರ ನಡುವೆ ಇರಬೇಕು. ಕುಡಿಯಲು ಅಡ್ಡಿಯಿಲ್ಲದ ನೀರೇ ಕೊಳಕ್ಕೆ ತಲೆನೋವು. ಕ್ಷಾರೀಯತೆ 300 ಇರುವ ನೀರನ್ನು 40 ಸಾವಿರ ಲೀಟರ್ ತುಂಬಿಸಿ 120ಕ್ಕೆ ಇಳಿಸಲು ಅಂಗಡಿಯ ಆಸಿಡ್ ಹೆಚ್ಚುಕಡಿಮೆ ಹದಿನೈದು ಲೀಟರ್ ಹಿಡಿಯುತ್ತದೆ, ಅದೂ ಒಂದೇ ದಿನಕ್ಕಲ್ಲ, ದಿನಕ್ಕೊಂದು ಲೀಟರಿನಂತೆ. ಹಾಗೆ ಇಳಿಸದೆ ಬಿಟ್ಟರೆ ಪಿಎಚ್ ತಾನಾಗಿಯೇ ಮೇಲೇರುತ್ತಲೇ ಇರುತ್ತದೆ. ಆಮೇಲೆ ಟೈಲ್ಸಿನ ನೀರಂಚಿನಲ್ಲಿ ಸುಣ್ಣದ ಗೆರೆ, ಫಿಲ್ಟರ್ ಮರಳು ಗಟ್ಟಿ.

ದೊಡ್ಡಪ್ಪನ ಮಗ ಕಂಡುಕೊಂಡ ದಾರಿ ಸೂರಿನ ನೀರು. ಮಂಡ್ಯ ಜಿಲ್ಲೆಗೆ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು ಮಳೆ. ಸಾವಿರ ಚದರ ಅಡಿ ತಾರಸಿಯಿಂದ ಸೋರಿಕೆ ಕಳೆದು 50 ಸಾವಿರ ಲೀಟರ್ ಸಿಗುತ್ತದೆ, ಕೊಳ ಒಂದು ಸಲ ತುಂಬಿ ಮಿಗುವಷ್ಟು. ಮಳೆ ನೀರಿನಲ್ಲಿ ಸುಣ್ಣವಿಲ್ಲ. ಸೋಸಿ ತೊಟ್ಟಿಗಿಳಿಸಿ, ಬೇಸಿಗೆಯಲ್ಲಿ ಕೊಳಕ್ಕೆ ಕಡಿಮೆ ಬಿದ್ದಷ್ಟು ಅದನ್ನೇ ಬಿಡುತ್ತಾನೆ. ಆಸಿಡ್ ಖರ್ಚು ಅರ್ಧಕ್ಕಿಳಿದಿದೆ.

ಮೂರು ಥರದ ಕ್ಲೋರಿನ್

ಬಿಸಿಲಿರುವ ಕೊಳಕ್ಕೆ ದಿನಕ್ಕೆ ಸುಮಾರು 2 ಪಿಪಿಎಂ ಕ್ಲೋರಿನ್ ಬೇಕಾಗುತ್ತದೆ. ಸಾವಿರ ಲೀಟರಿಗೆ ಒಂದು ಗ್ರಾಂ ಎಂದರೆ ಒಂದು ಪಿಪಿಎಂ. ನಮ್ಮ ಅಳತೆಯ ಕೊಳಕ್ಕೆ ದಿನಕ್ಕೆ 80 ಗ್ರಾಂ, ತಿಂಗಳಿಗೆ 2.4 ಕೆ.ಜಿ. ಶುದ್ಧ ಕ್ಲೋರಿನ್. ಶೇಕಡಾ 90ರ ಮಾತ್ರೆಯಾದರೆ 2.7 ಕೆ.ಜಿ., ಶೇಕಡಾ 65ರ ಹರಳಾದರೆ 3.7 ಕೆ.ಜಿ., ಶೇಕಡಾ 10ರ ದ್ರವವಾದರೆ 24 ಲೀಟರ್. ಅಂಗಡಿಯವನ ದರವನ್ನು ಇದಕ್ಕೆ ಗುಣಿಸಿ ಅಗ್ಗದ್ದನ್ನು ಆರಿಸಿದರೆ ಆಯಿತಲ್ಲ ಎನ್ನಬಹುದು. ಅಷ್ಟು ಸಲೀಸಲ್ಲ. ಪ್ರತಿಯೊಂದೂ ನೀರಿನಲ್ಲಿ ಏನನ್ನೋ ಬಿಟ್ಟುಹೋಗುತ್ತದೆ.

ಮಾತ್ರೆ ಬಿಟ್ಟುಹೋಗುವುದು ಸಯನ್ಯೂರಿಕ್ ಆಮ್ಲ. ಅಂಗಡಿಯವರು ಸ್ಟೆಬಿಲೈಸರ್ ಎನ್ನುತ್ತಾರೆ. ಸ್ವಲ್ಪ ಬೇಕೇ ಬೇಕು: ಅದಿಲ್ಲದಿದ್ದರೆ ಮಧ್ಯಾಹ್ನದ ಬಿಸಿಲಿಗೆ ಕ್ಲೋರಿನ್‌ನ ಬಹುಪಾಲು ಒಂದೆರಡು ಗಂಟೆಯಲ್ಲಿ ಮಾಯ. 30ರಿಂದ 50 ಪಿಪಿಎಂ ಸಾಕು. ಆದರೆ ಮಾತ್ರೆಯೊಂದನ್ನೇ ನಂಬಿದರೆ ತಿಂಗಳಿಗೆ 36 ಪಿಪಿಎಂ ಸೇರುತ್ತಾ ಹೋಗುತ್ತದೆ. ಮೂರು ತಿಂಗಳಿಗೆ ನೂರು ದಾಟುತ್ತದೆ. ಅಷ್ಟಾದ ಮೇಲೆ ಪಾಚಿ ತಡೆಯಲು ಮೊದಲು 3 ಪಿಪಿಎಂ ಕ್ಲೋರಿನ್ ಸಾಕಾಗುತ್ತಿದ್ದಲ್ಲಿ ಏಳೆಂಟು ಬೇಕು. ಸಯನ್ಯೂರಿಕ್ ಆಮ್ಲ ಬಿಸಿಲಿಗೆ ಹೋಗದು, ಆವಿಯಾಗದು. ಇರುವ ಉಪಾಯ ಅರ್ಧ ಕೊಳ ಖಾಲಿ ಮಾಡಿ ಹೊಸ ನೀರು ತುಂಬುವುದು: 20 ಸಾವಿರ ಲೀಟರ್, ಐದು ಸಾವಿರ ಲೀಟರಿನ ನಾಲ್ಕು ಟ್ಯಾಂಕರ್. ಮಾತ್ರೆಯ ಬೆಲೆಗೆ ಇದನ್ನೂ ಸೇರಿಸಿ ನೋಡಬೇಕು.

ಹರಳು ಬಿಟ್ಟುಹೋಗುವುದು ಸುಣ್ಣ, ತಿಂಗಳಿಗೆ 40 ಪಿಪಿಎಂನಷ್ಟು. ಮೆದು ನೀರಿನವರಿಗೆ ತೊಂದರೆಯಿಲ್ಲ. ನಾಗಮಂಗಲದವರಿಗೆ ಅದು ಗಾಯದ ಮೇಲೆ ಬರೆ. ಪಂಚಾಯಿತಿಯವರು ತೊಂಬೆಗೆ ಹಾಕುವ ಬ್ಲೀಚಿಂಗ್ ಪೌಡರ್ ಇನ್ನೂ ಅಗ್ಗ ನಿಜ, ಆದರೆ ಹೊಸದರಲ್ಲೇ ಕ್ಲೋರಿನ್ ಮೂರನೇ ಒಂದು ಪಾಲು ಮಾತ್ರ, ಉಳಿದದ್ದು ತಳದಲ್ಲಿ ಕೆಸರು. ದ್ರವ ಕ್ಲೋರಿನ್ ಬಿಡುವುದು ಒಂದಿಷ್ಟು ಉಪ್ಪು ಅಷ್ಟೇ. ಅದರ ದೋಷ ಬೇರೆ: ಬಿಸಿಗೆ ದಿನೇ ದಿನೇ ಬಲ ಕಳೆದುಕೊಳ್ಳುತ್ತದೆ. ನಾನು ನೆರಳಿನಲ್ಲಿಟ್ಟು, ಎರಡು ವಾರಕ್ಕಾಗುವಷ್ಟೇ ತರುತ್ತೇನೆ, ಸೂರ್ಯ ಮುಳುಗಿದ ಮೇಲೆ ಸುರಿಯುತ್ತೇನೆ. ಹಾಕಿದ್ದು ರಾತ್ರಿಯೆಲ್ಲ ಪೂರ್ತಿ ದುಡಿಯುತ್ತದೆ.

ಮೇಲಿಂದ ಬೀಳುವುದು

ಪಾಂಡವಪುರದಲ್ಲಿ ಆಲೆಮನೆ ಹೊಗೆ. ಕಬ್ಬಿನ ಸಿಪ್ಪೆ ಉರಿಯುವ ಒಲೆಯಿಂದ, ಕಟಾವಾದ ಗದ್ದೆಯ ಸೋಗೆಗೆ ಬೆಂಕಿ ಇಟ್ಟಾಗ, ಕರಿ ಬೂದಿ ಹಾರಿ ಬಂದು ನೀರಿನ ಮೇಲೆ ತೇಲುತ್ತದೆ. ನೋಡಲು ಅಸಹ್ಯ ಎಂಬುದಷ್ಟೇ ಅಲ್ಲ, ಬೂದಿ ಪಿಎಚ್ ಏರಿಸುತ್ತದೆ, ಪಾಚಿಗೆ ಬೇಕಾದ ರಂಜಕವನ್ನೂ ತರುತ್ತದೆ. ಗದ್ದೆಗೆ ಎರಚಿದ ಡಿಎಪಿ, ಯೂರಿಯಾ ಕರಗಿ ಪಕ್ಕದ ಬಾವಿಗೂ ಇಳಿಯುತ್ತದೆ. ವಿ.ಸಿ. ನಾಲೆ ಬಯಲಿನಲ್ಲಿ ಕೊಳ ಇಟ್ಟುಕೊಂಡವರು ಪಾಚಿಗೆ ಊಟ ಬಡಿಸಿಯೇ ಕೂತಿರುತ್ತಾರೆ. ಕೆ.ಆರ್. ಪೇಟೆಯ ತಂಗಿ ಮನೆಯಲ್ಲಿ ಕೊಳ ಇರುವುದು ತೆಂಗಿನ ತೋಟದ ನಡುವೆ. ನೆರಳಿಗೆ ಕ್ಲೋರಿನ್ ಉಳಿಯುತ್ತದೆ, ಹೊಂಬಾಳೆಯ ಹೂವು ಉದುರಿ ಅದನ್ನೇ ತಿನ್ನುತ್ತದೆ. ದಿನಾ ಸಂಜೆ ಬಲೆ ಹಿಡಿದು ಎತ್ತಿ ಹಾಕುವ ಹತ್ತು ನಿಮಿಷ ಅವರಿಗೆ ತಿಂಗಳಿಗೆ ಅರ್ಧ ಕೆ.ಜಿ. ಕ್ಲೋರಿನ್ ಉಳಿಸುತ್ತದೆ.

ಶ್ರೀರಂಗಪಟ್ಟಣದ ಗೆಳೆಯನಿಗೆ ಮೇಲಿಂದ ಬೀಳುವುದು ಜನ. ಎಣ್ಣೆ ತಲೆ, ಬೆವರು, ಸನ್‌ಸ್ಕ್ರೀನ್, ಮಕ್ಕಳು ನೀರಿನಲ್ಲೇ ಮುಗಿಸುವ ಕೆಲಸ. ಇವು ಕ್ಲೋರಿನ್ ಜೊತೆ ಸೇರಿದಾಗ ಕಣ್ಣುರಿಸುವ ಘಾಟು ಏಳುತ್ತದೆ. ಕ್ಲೋರಿನ್ ಜಾಸ್ತಿಯಾಯಿತು ಎಂದು ಅತಿಥಿಗಳು ದೂರುತ್ತಾರೆ. ವಾಸ್ತವದಲ್ಲಿ ಬಲವಿರುವ ಕ್ಲೋರಿನ್ ಮುಗಿದಿರುತ್ತದೆ. ಕೊಳದ ಪಕ್ಕ ಒಂದು ಶವರ್ ಇಟ್ಟು, ಮೈ ತೊಳೆದವರಿಗೆ ಮಾತ್ರ ಇಳಿಯಲು ಬಿಟ್ಟ ಮೇಲೆ ಅವನ ಭಾನುವಾರ ರಾತ್ರಿಯ ಡೋಸು ಕಡಿಮೆಯಾಯಿತು.

ಮೇಲುಕೋಟೆಯ ಅಕ್ಕತಂಗಿ ಕೊಳ ನೋಡಿದವರಿಗೆ ಒಂದೊಂದು ಕೊಳದ ನೀರು ಒಂದೊಂದು ಥರ ಎಂಬುದು ಹೊಸದೇನಲ್ಲ. ಪಕ್ಕಪಕ್ಕದ ಎರಡು ಕೊಳ, ಒಂದರ ನೀರು ಕುಡಿಯಲು, ಇನ್ನೊಂದರದು ಒಗೆಯಲು ಎಂದು ಅಲ್ಲಿನವರು ಹೇಳುತ್ತಾರೆ. ಒಬ್ಬಳು ಶ್ರದ್ಧೆಯಿಂದ ಕಟ್ಟಿಸಿದಳು, ಇನ್ನೊಬ್ಬಳು ಇಲ್ಲ ಎಂಬುದು ಅದಕ್ಕೆ ಜನ ಕೊಡುವ ಕಾರಣ.

ಮೈಲುತುತ್ತದ ಮಾತು

ಮೆಟ್ಟಿಲ ಏಣಿಯ ಹಿಂದೆ, ನೀರು ಸುತ್ತದ ಮೂಲೆಯಲ್ಲಿ, ಪಾಚಿ ಕಣ್ಣಿಗೆ ಕಾಣುವ ಮೊದಲು ಕೈಗೆ ಸಿಗುತ್ತದೆ. ಗೋಡೆ ಸವರಿದರೆ ಲೋಳೆ. ಆ ದಿನವೇ ಗಡಸು ಬ್ರಷ್‌ನಿಂದ ಉಜ್ಜಿ, ಕ್ಲೋರಿನ್ ಏರಿಸಿ, ಪಂಪ್ ಓಡಿಸಿದರೆ ಅಲ್ಲಿಗೆ ಮುಗಿಯಿತು. ನಮ್ಮ ತೋಟ ನೋಡಿಕೊಳ್ಳುವಾತನದು ಬೇರೆ ವೈದ್ಯ: ‘ಒಂದ್ ಹಿಡಿ ಮೈಲುತುತ್ತ ಎಸ್ದ್‌ಬುಡಿ ಅಣ್ಣೋ, ಪಾಚಿ ಗೀಚಿ ಎಲ್ಲಾ ಹೊಂಟೋಯ್ತದೆ.’ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆದು ಅಭ್ಯಾಸವಿದ್ದವರ ಮಾತು, ಸುಳ್ಳಲ್ಲ. ತಾಮ್ರಕ್ಕೆ ಪಾಚಿ ಸಾಯುತ್ತದೆ. ಆದರೆ ನಮ್ಮ ಕಡೆಯ ಪಿಎಚ್ ಏರಿದ ನೀರಿನಲ್ಲಿ ಅದೇ ತಾಮ್ರ ಗೋಡೆಗೆ ಕೂತು ಕಲೆಯಾಗುತ್ತದೆ, ನರೆತ ಕೂದಲಿಗೆ ಹಸಿರು ಛಾಯೆ ಬರುತ್ತದೆ, ಫಿಲ್ಟರ್ ತೊಳೆದ ನೀರು ಕೃಷಿ ಹೊಂಡಕ್ಕೆ ಹೋದರೆ ಮೀನಿಗೆ ವಿಷ. ಕಲೆ ತೆಗೆಯಲು ಬರುವವನ ಕೂಲಿ ಒಂದು ವರ್ಷದ ಕ್ಲೋರಿನ್‌ಗಿಂತ ಕಡಿಮೆಯಿರುವುದಿಲ್ಲ.

ಕೊಳ ಪೂರ್ತಿ ಹಸಿರಾದ ಮೇಲಿನ ಖರ್ಚು ಕೇಳಿ. ಒಂದು ಸಲ 10 ಪಿಪಿಎಂಗೆ ಏರಿಸಲು ಶೇಕಡಾ 65ರ ಹರಳು 600 ಗ್ರಾಂ ದಾಟುತ್ತದೆ, ಅದನ್ನು ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ ಮಾಡಬೇಕು. ಪಂಪ್ ಹಗಲೂ ರಾತ್ರಿ ಓಡಬೇಕು. ಪಟಿಕ ಹಾಕಿ ಕೆಸರು ಕೂರಿಸಿ ಹೊರಗೆಳೆದರೆ ನೀರೂ ಹೋಗುತ್ತದೆ. ಒಂದು ತಿಂಗಳ ಖರ್ಚು ಒಂದೇ ವಾರದಲ್ಲಿ ಕರಗುತ್ತದೆ, ಆ ವಾರದ ಅತಿಥಿಗಳೂ ಇಲ್ಲ.

ಕರೆಂಟು ಮತ್ತು ಆವಿ

ಒಂದು ಎಚ್‌ಪಿ ಪಂಪ್ ಗಂಟೆಗೆ ಮುಕ್ಕಾಲು ಯೂನಿಟ್‌ಗೆ ಕಡಿಮೆ ತಿನ್ನುವುದಿಲ್ಲ. ದಿನಕ್ಕೆ ಆರು ಗಂಟೆಯಾದರೆ ತಿಂಗಳಿಗೆ 135 ಯೂನಿಟ್. ಗೃಹಜ್ಯೋತಿಯಲ್ಲಿರುವ ಮನೆಗೆ ಇದು ದೊಡ್ಡ ಪೆಟ್ಟು, ಏಕೆಂದರೆ 200 ಯೂನಿಟ್ ದಾಟಿದ ತಿಂಗಳು ಹೆಚ್ಚುವರಿಗೆ ಮಾತ್ರವಲ್ಲ, ಇಡೀ ಬಿಲ್ ಕಟ್ಟಬೇಕು. ಹಾಗಂತ ತೋಟದ ಐಪಿ ಸೆಟ್ ಲೈನಿನಿಂದ ಎಳೆಯಬೇಡಿ. ಅದು ಬೇಸಾಯಕ್ಕೆ ಕೊಟ್ಟ ಕರೆಂಟು.

ಇನ್ನು ಆವಿ. ದಿನಕ್ಕೆ 5 ಮಿಲಿಮೀಟರ್ ಇಳಿದರೂ ನಮ್ಮ ಕೊಳದಿಂದ 160 ಲೀಟರ್ ಹೋಗುತ್ತದೆ, ತಿಂಗಳಿಗೆ ಒಂದು ಟ್ಯಾಂಕರ್. ಹೋಗುವುದು ನೀರು ಮಾತ್ರ, ಸುಣ್ಣ ಅಲ್ಲೇ ಉಳಿಯುತ್ತದೆ. ರಾತ್ರಿ ಒಂದು ಹೊದಿಕೆ ಎಳೆದರೆ ನೀರು, ಕಸ ಎರಡೂ ಹತೋಟಿಗೆ ಬರುತ್ತವೆ.

ಕ್ಲೋರಿನ್, ಆಸಿಡ್, ಕರೆಂಟು, ಚಿಲ್ಲರೆ ಎಲ್ಲ ಸೇರಿ, ಕೈಕೆಲಸ ನಮ್ಮದೇ ಆದ್ದರಿಂದ, ನಮ್ಮ ಪುಸ್ತಕದಲ್ಲಿ ತಿಂಗಳಿಗೆ ಎರಡೂವರೆಯಿಂದ ಮೂರು ಸಾವಿರ ರೂಪಾಯಿ ಬೀಳುತ್ತದೆ. ಆಳಿಟ್ಟರೆ ಅದರ ಮೇಲೆ ಸಂಬಳ. ಈ ಲೆಕ್ಕವನ್ನು ಹಿಡಿತದಲ್ಲಿಟ್ಟಿರುವುದು ಸಾವಿರ ರೂಪಾಯಿಯ ಆಸುಪಾಸಿನ ಪರೀಕ್ಷೆ ಪೆಟ್ಟಿಗೆ. ಬೆಳಗ್ಗೆ ಸಣ್ಣ ಕೊಳವೆಗೆ ನೀರು ತುಂಬಿ ಫೀನಾಲ್ ರೆಡ್ ಹನಿ ಬಿಟ್ಟರೆ ಹಳದಿಗೆ ತಿರುಗಿತೋ, ಕಿತ್ತಳೆಯೋ, ಕಡುಗೆಂಪೋ ಕಾಣುತ್ತದೆ. ಕಡುಗೆಂಪಾದರೆ ಆಸಿಡ್. ಹಳದಿಯಾಗಿ, ಕ್ಷಾರೀಯತೆಯೂ ಇಳಿದಿದ್ದರೆ ಅಡುಗೆ ಸೋಡಾ: ನಮ್ಮ ಕೊಳದ ಕ್ಷಾರೀಯತೆ 10 ಪಿಪಿಎಂ ಏರಲು ಮುಕ್ಕಾಲು ಕೆ.ಜಿ.ಗಿಂತ ಕೊಂಚ ಕಡಿಮೆ ಸಾಕು.

ಒಂದು ಎಚ್ಚರಿಕೆ. ಆಸಿಡ್ಡನ್ನೂ ಕ್ಲೋರಿನ್ನನ್ನೂ ಒಂದೇ ಕೋಣೆಯಲ್ಲಿಡಬೇಡಿ, ಒಂದರ ಮಗ್ಗನ್ನು ಇನ್ನೊಂದಕ್ಕೆ ಅದ್ದಬೇಡಿ, ಏಳುವ ಅನಿಲ ಪ್ರಾಣಕ್ಕೇ ಎರವಾಗಬಹುದು. ಮಾತ್ರೆ ಮತ್ತು ಹರಳನ್ನು ಬೆರೆಸಿದರೆ ಸ್ಫೋಟವಾಗಬಹುದು. ಆಸಿಡ್ಡನ್ನು ನೀರಿಗೆ ಸುರಿಯಬೇಕು, ನೀರನ್ನು ಆಸಿಡ್ಡಿಗಲ್ಲ.

ಕೊಳ ಕಟ್ಟಿಸಬೇಕೆಂದಿರುವವರಿಗೆ ನನ್ನ ಸಲಹೆ ಇಷ್ಟು. ಗುತ್ತಿಗೆದಾರನನ್ನು ಕರೆಯುವ ಮೊದಲು ನಿಮ್ಮ ಬೋರ್‌ವೆಲ್‌ನ ಒಂದು ಲೀಟರ್ ನೀರನ್ನು ಶುಚಿಯಾದ ಬಾಟಲಿಯಲ್ಲಿ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಟ್ಟು, ಪಿಎಚ್, ಕ್ಷಾರೀಯತೆ, ಗಡಸುತನ, ನೈಟ್ರೇಟ್ ಬರೆಸಿಕೊಂಡು ಬನ್ನಿ. ಕ್ಷಾರೀಯತೆ 300 ದಾಟಿದ್ದು, ಮಳೆ ನೀರು ಹಿಡಿಯುವ ತೊಟ್ಟಿಗೆ ಜಾಗವಿಲ್ಲದಿದ್ದು, ವಾರಕ್ಕೆರಡು ಸಲವೂ ಯಾರೂ ಇಳಿಯುವಂತಿಲ್ಲದಿದ್ದರೆ, ಆ ದುಡ್ಡನ್ನು ಬ್ಯಾಂಕಿನಲ್ಲಿಡಿ. ಮಕ್ಕಳನ್ನು ಕೊಳವಿರುವ ಯಾರದಾದರೂ ಹೋಂಸ್ಟೇಗೆ ಕರೆದುಕೊಂಡು ಹೋಗಿ. ಬಡ್ಡಿಯಲ್ಲೇ ಮುಗಿಯುತ್ತದೆ.