ಗುಡ್ಡದ ಸೈಕಲ್ಲು, ಗಂಟೆಯ ಲೆಕ್ಕ

ಮೌಂಟನ್ ಬೈಕ್ ಕೊಳ್ಳಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಒಂದು ಲಕ್ಷ ರೂಪಾಯಿಯೊಳಗೆ ಯಾವುದು ಒಳ್ಳೆಯದು? ಕೈಯಲ್ಲಿರುವಷ್ಟನ್ನೂ ಸೈಕಲ್ಲಿಗೇ ಸುರಿಯುವುದೆಂದು ಆಗಲೇ ತೀರ್ಮಾನವಾಗಿರುತ್ತದೆ. ನನ್ನ ಸಲಹೆ ಬೇರೆ. ಲಕ್ಷವಿದ್ದರೆ ಎಪ್ಪತ್ತು ಸಾವಿರದ ಸೈಕಲ್ ಕೊಳ್ಳಿ. ಉಳಿದದ್ದರಲ್ಲಿ ಒಳ್ಳೆಯ ಹೆಲ್ಮೆಟ್ ಬರಲಿ, ಮಿಕ್ಕ ಹಣ ಮುಂದಿನ ಎರಡು ವರ್ಷದ ಸವಕಳಿಗೆಂದು ಬೇರೆ ಖಾತೆಯಲ್ಲಿರಲಿ. ಡಾಂಬರು ರಸ್ತೆಯಲ್ಲಷ್ಟೇ ಓಡಿಸುವವರಿಗೆ ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಕಲ್ಲು, ಕೆಸರು, ಕೆಂಪು ಧೂಳಿನಲ್ಲಿ ಓಡುವ ಸೈಕಲ್ಲು ಗಂಟೆಗೆ ಇಷ್ಟೆಂಬಂತೆ ಸವೆಯುತ್ತದೆ. ಅದರ ಬೆಲೆಯನ್ನು ಅಂಗಡಿಯ ಬಿಲ್ಲಿನಿಂದ ಅಳೆಯಬಾರದು, ಓಡಿಸಿದ ಒಂದು ಗಂಟೆಗೆ ಎಷ್ಟು ಬಿತ್ತು ಎಂಬುದರಿಂದ ಅಳೆಯಬೇಕು.

ಚೈನನ್ನೇ ನೋಡಿ. ಅದರಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು. ಹೊಸ ಚೈನಿನ ಇಪ್ಪತ್ತನಾಲ್ಕು ಕೊಂಡಿ ಅಳೆದರೆ ಸರಿಯಾಗಿ 12 ಇಂಚು. ಮಣ್ಣು ಸಂದಿಗಿಳಿದು ಪಿನ್ನು ತೇಯ್ದ ಹಾಗೆ ಚೈನು ಉದ್ದವಾಗುತ್ತದೆ. ಆ 12 ಇಂಚಿನ ಮೇಲೆ ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚಾಯಿತೆಂದರೆ ಶೇ 0.5ರಷ್ಟು ಸವೆದಿದೆ ಎಂದರ್ಥ. ಹಿಂದಿನ ಚಕ್ರದಲ್ಲಿ ಹನ್ನೊಂದು, ಹನ್ನೆರಡು ಗೇರಿನ ಗುಚ್ಛ, ಅಂದರೆ ಕ್ಯಾಸೆಟ್, ಇರುವವರು ಅಲ್ಲಿಗೇ ಹೊಸ ಚೈನು ಹಾಕಬೇಕು. ಇಲ್ಲವಾದರೆ ಉದ್ದವಾದ ಚೈನು ಕ್ಯಾಸೆಟ್ಟಿನ ಹಲ್ಲುಗಳನ್ನೂ ತನ್ನ ಅಳತೆಗೆ ತಿದ್ದಿಕೊಳ್ಳುತ್ತದೆ, ಆಮೇಲೆ ಹಾಕಿದ ಹೊಸ ಚೈನು ಅದರ ಮೇಲೆ ಜಾರತೊಡಗುತ್ತದೆ. ಲೆಕ್ಕಕ್ಕೆ ಚೈನಿಗೆ ಎರಡು ಸಾವಿರ, ಕ್ಯಾಸೆಟ್ಟಿಗೆ ಆರು ಸಾವಿರ, ಮುಂದಿನ ಚೈನ್‌ರಿಂಗಿಗೆ ಮೂರು ಸಾವಿರ ಎಂದಿಟ್ಟುಕೊಳ್ಳೋಣ. ಹೊತ್ತಿಗೆ ಸರಿಯಾಗಿ ಬದಲಿಸಿ ಒಂದೇ ಕ್ಯಾಸೆಟ್ಟಿನ ಮೇಲೆ ಮೂರು ಚೈನು ಓಡಿಸಿದರೆ ಹನ್ನೆರಡು ಸಾವಿರ. ಅಳೆಯದೆ ಒಂದೇ ಚೈನನ್ನು ಎರಡು ಚೈನಿನ ದೂರ ಎಳೆದರೆ ಮೂರೂ ಒಟ್ಟಿಗೆ ಹೋಗಿ ಹನ್ನೊಂದು ಸಾವಿರ. ಅಷ್ಟೇ ದೂರಕ್ಕೆ ಲೆಕ್ಕ ಹಾಕಿದರೆ ಹದಿನಾರೂವರೆ ಸಾವಿರ. ಏಳೆಂಟು ಗೇರಿನ ಅಗ್ಗದ ಸೈಕಲ್ಲುಗಳಿಗೆ ಈ ವಾದ ನಿಲ್ಲುವುದಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಅಲ್ಲಿ ಹಿಂದಿನ ಗೇರಿನ ಗುಚ್ಛವೇ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಎಲ್ಲವನ್ನೂ ಪೂರ್ತಿ ಸವೆಸಿ ಒಟ್ಟಿಗೆ ಬದಲಿಸುವುದೇ ಲಾಭ. ಗೇರು ಹೆಚ್ಚಿ ಬೆಲೆ ಏರಿದ ಹಾಗೆ ಅಲಕ್ಷ್ಯದ ದಂಡವೂ ಏರುತ್ತದೆ.

ಈ ದಂಡ ಎಲ್ಲಕ್ಕಿಂತ ಜೋರಾಗಿ ಬೀಳುವುದು ಸಸ್ಪೆನ್ಷನ್ನಿಗೆ. ಮುಂದಿನ ಫೋರ್ಕಿನ ಕೆಳಭಾಗವನ್ನು 50 ಗಂಟೆಗೊಮ್ಮೆ ಬಿಚ್ಚಿ ಎಣ್ಣೆ ಬದಲಿಸಿ, 200 ಗಂಟೆಗೆ ಪೂರ್ತಿ ಸರ್ವಿಸ್ ಮಾಡಿ ಎಂಬುದು ರಾಕ್‌ಶಾಕ್ಸ್ ತನ್ನ ಬಹುಪಾಲು ಫೋರ್ಕುಗಳಿಗೆ ಕೊಡುತ್ತ ಬಂದಿರುವ ಸೂಚನೆ. ಭಾನುವಾರಕ್ಕೆ ಮೂರು ಗಂಟೆಯಂತೆ ಓಡಿಸಿದರೂ ಆ ಐವತ್ತು ಗಂಟೆ ನಾಲ್ಕು ತಿಂಗಳಿಗೆ ಮುಗಿಯುತ್ತದೆ. ಫುಲ್ ಸಸ್ಪೆನ್ಷನ್ ಕೊಂಡರೆ ಹಿಂದಿನ ಶಾಕಿಗೂ ಇಂಥದೇ ಪಾಳಿ, ಜೊತೆಗೆ ಚೌಕಟ್ಟಿನ ಕೀಲುಗಳ ಬೇರಿಂಗುಗಳು. ಕೊಳ್ಳುವಾಗ ಹಿಂದೆ ಶಾಕ್ ಇಲ್ಲದ ಹಾರ್ಡ್‌ಟೇಲಿಗಿಂತ ದುಪ್ಪಟ್ಟು ಕೊಟ್ಟವರು ಪೋಷಣೆಗೂ ಹೆಚ್ಚು ಕೊಡುತ್ತಲೇ ಇರಬೇಕು. ಇದರ ಮೇಲೆ ಮಾಸಿಕ ಕಂತೂ ಸೇರಿದರೆ ಮೊದಲು ಕತ್ತರಿ ಬೀಳುವುದು ಸರ್ವಿಸ್ ಖರ್ಚಿಗೆ. ಎಣ್ಣೆ ಕಾಣದ ದುಬಾರಿ ಫೋರ್ಕು ಒಳಗೇ ಗೀರುಬಿದ್ದು, ಕಂತು ತೀರುವ ಮೊದಲೇ ಮಾರುವ ಬೆಲೆ ಕಳೆದುಕೊಂಡಿರುತ್ತದೆ. ಸಾಲ ಮಾಡಿ ಸವೆಯುವ ವಸ್ತು ಕೊಳ್ಳುವುದಕ್ಕೆ ನನ್ನ ವಿರೋಧ ಇರುವುದು ಈ ಕಾರಣಕ್ಕೆ.

ದುಬಾರಿ ಭಾಗ ಹೆಚ್ಚು ಬಾಳಿಕೆ ಬರುತ್ತದಲ್ಲ ಎಂಬ ಆಕ್ಷೇಪ ಸಹಜ. ಸ್ವಲ್ಪ ದೂರದವರೆಗೆ ಅದು ನಿಜ: ತೀರಾ ಅಗ್ಗದ ಫೋರ್ಕು ಗುಡ್ಡಕ್ಕೆ ಯೋಗ್ಯವಲ್ಲ, ಅದಕ್ಕೆ ಸರ್ವಿಸ್ ಮಾಡಿಸುವುದೂ ವ್ಯರ್ಥ. ಒಂದು ಹಂತ ದಾಟಿದ ಮೇಲೆ ಹೆಚ್ಚಿನ ಹಣ ಕೊಳ್ಳುವುದು ಹಗುರತನವನ್ನು, ಬಾಳಿಕೆಯನ್ನಲ್ಲ. ಅಲ್ಯೂಮಿನಿಯಂ ಹಲ್ಲು ಉಕ್ಕಿನ ಹಲ್ಲಿಗಿಂತ ಬೇಗ ಸವೆಯುತ್ತದೆ, ಬೆಲೆ ಮಾತ್ರ ಹೆಚ್ಚು. ಶಿಮಾನೊ 2021ರಲ್ಲಿ ಲಿಂಕ್‌ಗ್ಲೈಡ್ ಎಂಬ ಗೇರು ವ್ಯವಸ್ಥೆ ತಂದಾಗ ಬಾಳಿಕೆಗಾಗಿ ಹಲ್ಲುಗಳನ್ನು ದಪ್ಪ ಮಾಡಿ ತೂಕ ಹೆಚ್ಚಾಗಲು ಬಿಟ್ಟಿತು. ತಯಾರಕರೇ ಒಪ್ಪಿಕೊಂಡ ಮಾತು ಇದು. ಸ್ಪರ್ಧೆಗೆ ಇಳಿಯದವರಿಗೆ ಆ ಕೆಲವು ನೂರು ಗ್ರಾಮಿನಿಂದ ಆಗುವ ನಷ್ಟ ಏನೂ ಇಲ್ಲ.

ಇನ್ನೊಂದು ಆಕ್ಷೇಪ ಸುರಕ್ಷತೆಯದು, ಅದಕ್ಕೆ ನಾನು ತಲೆಬಾಗುತ್ತೇನೆ. ಇಳಿಜಾರಿನಲ್ಲಿ ಜೀವ ನಿಂತಿರುವುದು ಬ್ರೇಕು ಮತ್ತು ಟಯರಿನ ಮೇಲೆ. ಹೈಡ್ರಾಲಿಕ್ ಡಿಸ್ಕ್ ಬ್ರೇಕಿಗೂ ಹಿಡಿತವಿರುವ ಟಯರಿಗೂ ಕೊಡುವ ಹಣದಲ್ಲಿ ಚೌಕಾಶಿ ಬೇಡ. ಆದರೆ ಅವುಗಳ ಭದ್ರತೆ ನಿಂತಿರುವುದೂ ಆರೈಕೆಯ ಮೇಲೆಯೇ. ಕೆಲವು ಬ್ರೇಕುಗಳಲ್ಲಿರುವ ಡಾಟ್ ಎಂಬ ದ್ರವ ಗಾಳಿಯ ತೇವ ಹೀರಿಕೊಳ್ಳುತ್ತದೆ, ಬಿಸಿಯಾದಾಗ ಬೇಗ ಕುದಿಯುತ್ತದೆ. ಬದಲಿಸದಿದ್ದರೆ ಎಂಥ ಬ್ರೇಕೂ ಕೈಕೊಡುತ್ತದೆ. ಖನಿಜ ಎಣ್ಣೆಯ ಬ್ರೇಕಿಗೆ ಡಾಟ್ ಸುರಿದರೆ ಸೀಲುಗಳೇ ಹಾಳು. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1976ರಲ್ಲಿ ಗುಡ್ಡವಿಳಿಯುವ ಪಂದ್ಯ ಶುರುಮಾಡಿದ ಗೆಳೆಯರು ಓಡಿಸಿದ್ದು ಹಳೆಯ ದಪ್ಪ ಟಯರಿನ ಸೈಕಲ್ಲುಗಳನ್ನು. ಇಳಿದಾಗ ಹಿಂದಿನ ಹಬ್ಬಿನ ಬ್ರೇಕು ಕಾದು ಗ್ರೀಸು ಸುಟ್ಟುಹೋಗುತ್ತಿತ್ತು, ಹೊಸದಾಗಿ ತುಂಬಿಕೊಂಡೇ ಅವರು ಮತ್ತೆ ಏರಬೇಕಿತ್ತು. ಆರೈಕೆಯಿಲ್ಲದೆ ಈ ಆಟ ಅಂದೂ ನಡೆದಿರಲಿಲ್ಲ.

ಪ್ರತಿ ವಾರ ಚೂಪುಗಲ್ಲಿನ ಕಡಿದಾದ ಇಳಿಜಾರಿಗೇ ಹೋಗುವವರಿಗೆ ಫುಲ್ ಸಸ್ಪೆನ್ಷನ್ ಸಾರ್ಥಕ, ಅವರ ಗಂಟೆಯ ಲೆಕ್ಕವೂ ಸರಿಹೊಂದುತ್ತದೆ. ಬೆಂಗಳೂರಿನ ತುರಹಳ್ಳಿ, ಅವಲಹಳ್ಳಿಯಂಥ ಕಾಲುದಾರಿಗಳಿಗೆ, ನಂದಿಬೆಟ್ಟದ ಸುತ್ತಲಿನ ಮಣ್ಣುಹಾದಿಗೆ ಒಳ್ಳೆಯ ಹಾರ್ಡ್‌ಟೇಲ್ ಧಾರಾಳವಾಗಿ ಸಾಕು. ಮಳೆಗಾಲದ ಕೆಸರಾದ ಮೇಲೆ ವಾಟರ್ ಸರ್ವಿಸ್‌ನವರ ಗನ್ನಿಗೆ ಸೈಕಲ್ ಒಡ್ಡುವ ರೂಢಿಯನ್ನು ಮಾತ್ರ ಇವತ್ತೇ ಬಿಡಬೇಕು: ಆ ರಭಸಕ್ಕೆ ಗ್ರೀಸು ಹೊರಗೆ, ನೀರು ಬೇರಿಂಗಿನ ಒಳಗೆ. ಒಂದು ಬಕೆಟ್ ನೀರು, ಬ್ರಷ್ಷು, ಒಣಬಟ್ಟೆ, ಕೊನೆಗೆ ಚೈನಿಗೆ ಅದರದೇ ಎಣ್ಣೆ, ಇಷ್ಟೇ. ಟ್ಯೂಬ್‌ಲೆಸ್ ಟಯರಿನ ಸೀಲೆಂಟು ನಮ್ಮ ಬೇಸಿಗೆಗೆ ಬೇಗ ಒಣಗುತ್ತದೆ, ಕೆಲವು ತಿಂಗಳಿಗೊಮ್ಮೆ ನೋಡಿ ತುಂಬಿಸಬೇಕು.

2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಬಿಡಿಭಾಗಗಳ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಹೀಗೆ ಉಳಿಯುವ ಹಣವನ್ನು ಒಂದು ಮೇಲಿನ ಮಾಡೆಲ್ಲಿಗೆ ಸೇರಿಸಬೇಡಿ. ಎರಡು ಚೈನು, ಒಂದು ಜೊತೆ ಬ್ರೇಕ್ ಪ್ಯಾಡ್ ಮತ್ತು ಮೊದಲ ಫೋರ್ಕ್ ಸರ್ವಿಸಿಗೆ ತೆಗೆದಿಡಿ.