ಕಿಲ್ಡೊನನ್ ಕಣಿವೆ

ಸ್ಕಾಟ್ಲೆಂಡಿನ ಉತ್ತರ ಭಾಗದಲ್ಲಿ ಸದರ್ಲೆಂಡ್ ಎಂಬ ಸೀಮೆಯಿದೆ. ಆ ಸೀಮೆಯ ಪೂರ್ವಕ್ಕೆ ಕಿಲ್ಡೊನನ್ ಎಂಬುದೊಂದು ಪ್ಯಾರಿಷ್. ಒಂದು ಚರ್ಚಿಗೆ ಸೇರಿದ ಹಳ್ಳಿಗಳ ಸಮೂಹವನ್ನು ಅಲ್ಲಿ ಪ್ಯಾರಿಷ್ ಎನ್ನುವರು. ಒಳನಾಡಿನ ಸರೋವರಗಳಲ್ಲಿ ಹುಟ್ಟಿದ ಹೆಲ್ಮ್ಸ್‌ಡೇಲ್ ನದಿಯು ಈ ಕಣಿವೆಯಲ್ಲಿ ಹರಿದು, ಅದೇ ಹೆಸರಿನ ಊರಿನ ಬಳಿ ಸಮುದ್ರವನ್ನು ಸೇರುತ್ತದೆ. ಇಕ್ಕೆಲಗಳಲ್ಲಿಯೂ ಬೋಳು ಗುಡ್ಡಗಳು. ಅವುಗಳ ಮೇಲೆ ಹೆದರ್ ಎಂಬ ಕುರುಚಲು ಗಿಡ. ಬೇಸಗೆಯ ಕೊನೆಗೆ ಅದು ಹೂ ಬಿಟ್ಟಾಗ ಬೆಟ್ಟವೆಲ್ಲ ನೇರಳೆ ಬಣ್ಣವನ್ನು ತಾಳುತ್ತದೆ.

ಕಣಿವೆಯ ಮೇಲ್ಭಾಗದಲ್ಲಿ ವಿಶಾಲವಾದ ಜೌಗು ನೆಲವಿದೆ. ಚಳಿಯೂ ತೇವವೂ ಹೆಚ್ಚಾದ ಆ ನೆಲದಲ್ಲಿ ಸತ್ತ ಪಾಚಿಯು ಪೂರ್ತಿಯಾಗಿ ಕೊಳೆಯದೆ ಪದರಪದರವಾಗಿ ಶೇಖರವಾಗುತ್ತದೆ. ಇದಕ್ಕೆ ಪೀಟ್ ಎಂದು ಹೆಸರು. ಜನರು ಇದನ್ನು ಇಟ್ಟಿಗೆಯಂತೆ ಕತ್ತರಿಸಿ, ಒಣಗಿಸಿ, ಒಲೆಗೆ ಸೌದೆಯಾಗಿ ಬಳಸುತ್ತಿದ್ದರು. ಸುಮಾರು 9,000 ವರ್ಷಗಳಿಂದ ಬೆಳೆದುಬಂದ ಈ ಜೌಗುನಾಡು 2024ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಆ ನಿರ್ಣಯವಾದ ಸಭೆ ನಡೆದುದು ನಮ್ಮ ಹೊಸದೆಹಲಿಯಲ್ಲಿಯೇ ಎಂಬುದು ಸ್ವಾರಸ್ಯದ ಸಂಗತಿ.

ಇಂದು ಈ ಕಣಿವೆಯ ಚಿತ್ರವನ್ನು ನೋಡಿದವರು, ಇಲ್ಲಿ ಎಂದೂ ಮನುಷ್ಯರು ನೆಲಸಿರಲಾರರು ಎಂದು ಭಾವಿಸಬಹುದು. ಆ ಭಾವನೆ ತಪ್ಪು. ನದಿಯ ದಂಡೆಯ ಮೇಲೆ ಅಲ್ಲಲ್ಲಿ ಹಸಿರು ತೇಪೆಗಳು ಕಾಣುತ್ತವೆ. ಅವು ಹಿಂದಿನ ಹೊಲಗಳು. ಹುಲ್ಲಿನಡಿಯಲ್ಲಿ ಮನೆಗಳ ತಳಪಾಯದ ಕಲ್ಲುಗಳಿವೆ. ಇವುಗಳಿಗಿಂತಲೂ ಹಳೆಯವು, ಸುಮಾರು 2,000 ವರ್ಷಗಳ ಹಿಂದೆ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ದುಂಡು ಗೋಪುರಗಳ ಅವಶೇಷಗಳು. ಕಿಲ್ಡೊನನ್ ಎಂಬ ಹೆಸರು ಕೂಡ ಡೊನನ್ ಎಂಬ ಸಂತನ ಗುಡಿ ಎಂಬ ಅರ್ಥವುಳ್ಳದ್ದು.

ಈ ಪ್ಯಾರಿಷ್‌ನಲ್ಲಿ 1811ರಲ್ಲಿ 1,574 ಜನರಿದ್ದರು. 1831ರಲ್ಲಿ ಉಳಿದವರು 257 ಮಂದಿ ಮಾತ್ರ. ಈ ಇಪ್ಪತ್ತು ವರ್ಷಗಳಲ್ಲಿ ನಡೆದುದೇನು?

ಗೇಲಿಕ್ ಭಾಷೆಯನ್ನಾಡುವ ಈ ಜನರು ದನ ಸಾಕಿ, ಓಟ್ಸ್ ಮತ್ತು ಬಾರ್ಲಿ ಬೆಳೆದು ಬಾಳುತ್ತಿದ್ದರು. ನೆಲ ಅವರದಲ್ಲ, ಸದರ್ಲೆಂಡಿನ ಕೌಂಟೆಸ್ ಎಲಿಜಬೆತ್ ಎಂಬ ಒಡತಿಯದು. ಉಣ್ಣೆಗೆ ಒಳ್ಳೆಯ ಬೆಲೆಯಿದ್ದ ಕಾಲ ಅದು. ನೂರಾರು ಬಡ ಗೇಣಿದಾರರಿಗಿಂತ, ಚೆವಿಯಟ್ ತಳಿಯ ಕುರಿಗಳ ದೊಡ್ಡ ಮಂದೆಯುಳ್ಳ ಒಬ್ಬ ಗೇಣಿದಾರನೇ ಹೆಚ್ಚು ಲಾಭಕರನೆಂದು ಜಮೀನಿನ ಅಧಿಕಾರಿಗಳು ಎಣಿಸಿದರು. ಜನರನ್ನು ಕಡಲತೀರಕ್ಕೆ ಕಳುಹಿಸಿದರೆ ಮೀನುಗಾರಿಕೆಯಿಂದ ಅವರೂ ಏಳಿಗೆ ಹೊಂದುವರೆಂಬುದು ಅವರ ವಾದ. ಬರಗಾಲದಲ್ಲಿ ಕಣಿವೆಯವರು ಹಸಿದದ್ದುಂಟು. ಆದುದರಿಂದ ಆ ವಾದದಲ್ಲಿ ಹುರುಳೇ ಇಲ್ಲವೆನ್ನಲಾಗದು. ಆದರೆ ಹೋಗುವವರ ಇಚ್ಛೆಯನ್ನು ಯಾರೂ ಕೇಳಲಿಲ್ಲ. 1813ರ ಆರಂಭದಲ್ಲಿ ನೆಲದ ಬೆಲೆ ಕಟ್ಟಲು ಬಂದವರನ್ನು ಕಿಲ್ಡೊನನ್ನಿನ ಜನ ಓಡಿಸಿದರು. ಇದೇ ಕಣಿವೆಗಳ ಯುವಕರು ಕೌಂಟೆಸಳ ಮನೆತನದ ಕರೆಗೆ ಓಗೊಟ್ಟು ಸೈನ್ಯ ಸೇರಿದ್ದರು. ಈಗ ಅವರ ಬಂಧುಗಳನ್ನು ಅಡಗಿಸಲು ಸೈನ್ಯವೇ ಬಂದಿತು.

ಅದೇ ವರ್ಷ ಲಾರ್ಡ್ ಸೆಲ್ಕರ್ಕ್ ಎಂಬಾತನು ಕೆನಡಾದ ಕೆಂಪು ನದಿಯ ದಂಡೆಯಲ್ಲಿ ಭೂಮಿ ಕೊಡುವುದಾಗಿ ಹೇಳಿದನು. ಸುಮಾರು 700 ಮಂದಿ ಹೊರಡಲು ಮುಂದಾದರೂ ಹಡಗಿನಲ್ಲಿ ಸ್ಥಳ ಸಿಕ್ಕಿದುದು ನೂರಕ್ಕೂ ಕಡಮೆ ಜನರಿಗೆ. ಹಡಗಿನಲ್ಲಿ ವಿಷಮಜ್ವರ ಹಬ್ಬಿತು. ನಾವಿಕನು ಅವರನ್ನು ಸೇರಬೇಕಾದ ಬಂದರಿಗೆ ಒಯ್ಯದೆ, ಹಡ್ಸನ್ ಕೊಲ್ಲಿಯ ಚರ್ಚಿಲ್ ಎಂಬಲ್ಲಿ ಇಳಿಸಿದನು. ಚಳಿಗಾಲವನ್ನು ಅಲ್ಲಿಯೇ ಕಳೆದು, 1814ರ ಏಪ್ರಿಲ್‌ನಲ್ಲಿ ಗಟ್ಟಿಮುಟ್ಟಾದ ತರುಣ ತರುಣಿಯರು ಹಿಮದ ಮೇಲೆ ನಡೆದೇ ದಕ್ಷಿಣಕ್ಕೆ ಹೊರಟರು. ದಾರಿ ತಪ್ಪದಂತೆ ಒಬ್ಬನು ಬ್ಯಾಗ್‌ಪೈಪ್ ನುಡಿಸುತ್ತ ಜೊತೆಗಿದ್ದನು. ಅವರು ನೆಲಸಿದ ಸ್ಥಳವು ಇಂದು ವಿನಿಪೆಗ್ ನಗರದೊಳಗೆ ಸೇರಿದೆ. ಅಲ್ಲಿಯೂ ಕಿಲ್ಡೊನನ್ ಎಂಬ ಹೆಸರು ಉಳಿದಿದೆ. ತಾಯ್ನಾಡಿನ ಕಣಿವೆಯಾದರೋ 1819ರ ಹೊತ್ತಿಗೆ ಬಹುಮಟ್ಟಿಗೆ ಬರಿದಾಯಿತು.

ಆ ಮೌನವು ಒಮ್ಮೆ ಮಾತ್ರ ಮುರಿಯಿತು. ಆಸ್ಟ್ರೇಲಿಯಾದಲ್ಲಿ ಚಿನ್ನ ಅರಸಿ ಅನುಭವವಿದ್ದ ಗಿಲ್‌ಕ್ರಿಸ್ಟ್ ಎಂಬವನು ಹುಟ್ಟೂರಿಗೆ ಮರಳಿ, ಇಲ್ಲಿಯ ಹಳ್ಳಗಳ ಮರಳಿನಲ್ಲಿ ಚಿನ್ನದ ಕಣಗಳನ್ನು ಕಂಡನು. 1869ರಲ್ಲಿ ನೂರಾರು ಜನ ಮುತ್ತಿ ಡೇರೆ ಹಾಕಿದರು. ಕುರಿಸಾಕಣೆಯವರೂ ಬೇಟೆಗೆ ಬರುವ ಸಿರಿವಂತರೂ ಗೊಣಗಿದ ಕಾರಣ ಆ ವರ್ಷದ ಕೊನೆಗೇ ಪರವಾನಗಿ ನಿಂತಿತು.

1874ರಲ್ಲಿ ಕಣಿವೆಯ ಮೂಲಕ ರೈಲುದಾರಿ ತೆರೆಯಿತು. ಕಿಲ್ಡೊನನ್ನಿಗೂ ಒಂದು ನಿಲ್ದಾಣವಿದೆ. ಪ್ರಯಾಣಿಕರು ಕೇಳಿಕೊಂಡರೆ ಮಾತ್ರ ರೈಲು ಅಲ್ಲಿ ನಿಲ್ಲುತ್ತದೆ.